ಸೋಗೆಯಲ್ಲಿ ಎಣ್ಣೆ, ಲೆಕ್ಕದಲ್ಲಿ ಬರೀ ಸಕ್ಕರೆ

ಮಾದಾವರ ಮೆಟ್ರೊ ನಿಲ್ದಾಣ ಇಳಿದು ತುಮಕೂರು ರಸ್ತೆಗೆ ಬಂದರೆ ಒಂದು ಕಬ್ಬಿನ ಹಾಲಿನ ಗಾಡಿ ಸಿಗುತ್ತದೆ. ಗಾಡಿಯವರು ಜಲ್ಲೆಯ ಮಧ್ಯೆ ಒಂದು ಹೋಳು ನಿಂಬೆ, ಚೂರು ಶುಂಠಿ ಸೇರಿಸಿ, ಮಡಚಿ ಮಡಚಿ ನಾಲ್ಕು ಸಲ ಗಾಣಕ್ಕೆ ಕೊಡುತ್ತಾರೆ. ಹಾಲು ಲೋಟಕ್ಕೆ, ಸಿಪ್ಪೆ ಗೋಣಿಚೀಲಕ್ಕೆ. ಮಧ್ಯಾಹ್ನ ಮೂರು ಗಂಟೆಗೇ ಎರಡು ಚೀಲ ತುಂಬಿದ್ದವು. ‘ಇದನ್ನೇನು ಮಾಡ್ತೀರಾ?’ ಅಂತ ಕೇಳಿದೆ. ‘ಏನ್ ಮಾಡೋದು ಸಾರ್, ಕಸದ ಗಾಡಿಯವ್ರು ಎತ್ಕೊಂಡು ಹೋದ್ರೆ ಅದೇ ದೊಡ್ಡದು’ ಅಂದರು.

ಅಲ್ಲಿಂದ ಸ್ವಲ್ಪ ದೂರದಲ್ಲೇ ಅಂತರರಾಷ್ಟ್ರೀಯ ವಸ್ತುಪ್ರದರ್ಶನ ಕೇಂದ್ರ ಇದೆ. 2023ರ ಫೆಬ್ರವರಿ 6ರಂದು ಇ20 ಪೆಟ್ರೋಲ್‌ಗೆ ಪ್ರಧಾನಿ ಚಾಲನೆ ಕೊಟ್ಟಿದ್ದು ಅಲ್ಲೇ. ಐದು ಪಾಲಿನಲ್ಲಿ ಒಂದು ಪಾಲು ಎಥನಾಲ್. ಮೊದಲು 2030ಕ್ಕೆ ಅಂತ ಇಟ್ಟಿದ್ದ ಗುರಿಯನ್ನು 2025ಕ್ಕೇ ಎಳೆದು ತಂದು ಮುಟ್ಟಿಯೂ ಆಯಿತು. ಈಗ ಬಂಕ್‌ಗಳಲ್ಲಿ ಮೈಲೇಜ್ ಬಗ್ಗೆ ಜಗಳ ನಡೆಯುತ್ತಿದೆ. ಲೀಟರಿಗೆ ಲೀಟರ್ ಹೋಲಿಸಿದರೆ ಎಥನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಭಾಗ ಶಕ್ತಿ ಕಮ್ಮಿ, ಹಾಗಾಗಿ ಜಗಳದಲ್ಲಿ ಹುರುಳಿಲ್ಲ ಅಂತ ಹೇಳಲಾಗದು. ಆದರೆ ಇವತ್ತಿನ ವಿಷಯ ಅದಲ್ಲ.

ವಿಷಯ ಏನೆಂದರೆ, ಎಥನಾಲ್ ಅಗ್ಗದ ಸರಕು. ಕಬ್ಬಿನ ಹಾಲಿನಿಂದ ನೇರವಾಗಿ ಮಾಡಿದ ಎಥನಾಲ್‌ಗೆ ನಿಗದಿಯಾಗಿದ್ದ ದರ ಲೀಟರಿಗೆ 65.61 ರೂಪಾಯಿ. ಒಂದು ಟನ್ ಕಬ್ಬಿನಿಂದ ಹೆಚ್ಚುಕಮ್ಮಿ 70 ಲೀಟರ್ ಬರುತ್ತದೆ. ಗುಣಿಸಿದರೆ 4,600 ರೂಪಾಯಿ. ಅದರಲ್ಲಿ ಕಬ್ಬಿನ ಬಿಲ್ಲೇ 3,300ರಿಂದ 3,500. ಹಬೆ, ಕೂಲಿ, ರಿಪೇರಿ, ಬ್ಯಾಂಕಿನ ಬಡ್ಡಿ ಕಳೆದರೆ ಉಳಿಯುವುದು ಅಷ್ಟಕ್ಕಷ್ಟೆ. ನೀರಿನ ಲೆಕ್ಕ ಬೇರೆ ಇದೆ. ಸಕ್ಕರೆ ಮೂಲದ ಒಂದು ಲೀಟರ್ ಎಥನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು ಅಂತ ನೀತಿ ಆಯೋಗದ 2021ರ ವರದಿಯೇ ಹೇಳಿದೆ. ಆ ನೀರಿಗೆ ಯಾರೂ ಬಿಲ್ ಹಾಕುವುದಿಲ್ಲ ಅಂತ ಈ ವ್ಯಾಪಾರ ನಡೆಯುತ್ತಿದೆ.

ಇಂಥ ಅಗ್ಗದ ಸರಕಿನ ಜೊತೆ ಇನ್ನೊಂದು ದುಬಾರಿ ಸರಕನ್ನೂ ಅದೇ ಗಿಡದ ಕೈಯಲ್ಲಿ ಮಾಡಿಸಿದರೆ ಹೇಗೆ? ಅಮೆರಿಕ, ಆಸ್ಟ್ರೇಲಿಯಾದ ಲ್ಯಾಬ್‌ಗಳು ಮೂವತ್ತು ವರ್ಷದಿಂದ ಇದರ ಹಿಂದೆ ಬಿದ್ದಿವೆ. ಗಿಡ ಎಥನಾಲ್‌ಗೆ ಬೇಕಾದ ಸಕ್ಕರೆ ಅಥವಾ ನಾರನ್ನೂ ಕೊಡಬೇಕು, ಎಲೆಯಲ್ಲೋ ಕಾಂಡದಲ್ಲೋ ಸ್ವಲ್ಪ ಎಣ್ಣೆ, ಸ್ವಲ್ಪ ಪ್ಲಾಸ್ಟಿಕ್, ಸ್ವಲ್ಪ ಔಷಧಿಯನ್ನೂ ಕೂಡಿಹಾಕಬೇಕು. ದುಬಾರಿ ಸರಕಿನ ದುಡ್ಡಲ್ಲಿ ಇಂಧನ ಅಗ್ಗವಾಗಬೇಕು. ಲೆಕ್ಕ ಇಷ್ಟೇ.

ಒಂದು ಬೆಳೆಯಿಂದ ನಾಲ್ಕು ಕೆಲಸ ತೆಗೆಯುವುದು ನಮಗೆ ಹೊಸದೇನಲ್ಲ. ಪಾಂಡವಪುರದ ಹತ್ತಿರ ನಮ್ಮ ಮಾವ ಆಲೆಮನೆ ನಡೆಸುತ್ತಿದ್ದ ಕಾಲದಲ್ಲಿ ನಾನು ರಜೆಗೆ ಹೋದಾಗಲೆಲ್ಲ ಅಲ್ಲೇ ಬಿದ್ದಿರುತ್ತಿದ್ದೆ. ಗಾಣದಿಂದ ಬಂದ ರಚ್ಚನ್ನು ಬಿಸಿಲಿಗೆ ಹರವಿ ಒಣಗಿಸಿ, ಅದನ್ನೇ ಒಲೆಗೆ ತುಂಬುತ್ತಿದ್ದರು. ಕಬ್ಬಿನ ಹಾಲನ್ನು ಕಾಯಿಸುತ್ತಿದ್ದದ್ದು ಕಬ್ಬಿನದೇ ಬೆಂಕಿ. ಕೊಳೆ ಮೇಲೆ ಬರಲಿ ಅಂತ ಬೆಂಡೆ ಗಿಡದ ಕಾಂಡ ಜಜ್ಜಿ, ಅದರ ಲೋಳೆ ಬಿಡುತ್ತಿದ್ದರು. ತೆಗೆದ ಮಡ್ಡಿ ತಿಪ್ಪೆಗೆ, ಬೂದಿ ಗದ್ದೆಗೆ, ಸೋಗೆ ಹಸುವಿಗೆ. ದೊಡ್ಡ ಕಾರ್ಖಾನೆಯೂ ಇದನ್ನೇ ದೊಡ್ಡದಾಗಿ ಮಾಡುತ್ತದೆ. ಸಿಪ್ಪೆಯಿಂದ ಕರೆಂಟು, ಕಾಕಂಬಿಯಿಂದ ಸ್ಪಿರಿಟ್ಟು, ಮಡ್ಡಿಯಿಂದ ಗೊಬ್ಬರ.

ಆದರೆ ಇವೆಲ್ಲ ಉಳಿಕೆಗಳು. ಸಕ್ಕರೆಯನ್ನೋ ಬೆಲ್ಲವನ್ನೋ ಮಾಡಲು ಹೋದಾಗ ತಾವಾಗಿಯೇ ಉಳಿದವು. ಈಗ ಹೇಳುತ್ತಿರುವುದು ಉಳಿಕೆಯ ಮಾತಲ್ಲ. ಗಿಡಕ್ಕೆ ಗೊತ್ತೇ ಇಲ್ಲದ ಅಡುಗೆಯನ್ನು ಅದಕ್ಕೆ ಕಲಿಸಿ ಮಾಡಿಸುವ ಮಾತು.

ಕಲಿಸುವುದು ಎಷ್ಟು ಕಷ್ಟ ಅನ್ನುವುದಕ್ಕೆ ಪ್ಲಾಸ್ಟಿಕ್ ಗಿಡದ ಕಥೆ ಕೇಳಬೇಕು. ಕೆಲವು ಬ್ಯಾಕ್ಟೀರಿಯಾಗಳು ನಮ್ಮ ಕೊಬ್ಬಿನ ಹಾಗೆ ಒಳಗೆ ಒಂದು ಬಗೆಯ ಪ್ಲಾಸ್ಟಿಕ್ ಕೂಡಿಟ್ಟುಕೊಳ್ಳುತ್ತವೆ. ಹೆಸರು ಪಿಎಚ್‌ಬಿ. ಮಣ್ಣಿನಲ್ಲಿ ಕೊಳೆಯುವ ಒಳ್ಳೆಯ ಪ್ಲಾಸ್ಟಿಕ್ ಅದು. ಅದನ್ನು ಮಾಡುವ ಜೀನ್‌ಗಳನ್ನು 1992ರಲ್ಲಿ ಮಿಷಿಗನ್‌ನ ವಿಜ್ಞಾನಿಗಳು ಅರಾಬಿಡಾಪ್ಸಿಸ್ ಅನ್ನುವ ಸಾಸಿವೆ ಜಾತಿಯ ಪುಟ್ಟ ಗಿಡಕ್ಕೆ ಸೇರಿಸಿದರು. ಪ್ಲಾಸ್ಟಿಕ್ ಬಂತು, ಚಿಟಿಕೆಯಷ್ಟು. ಆದರೆ ಗಿಡ ಕುಳ್ಳಾಗಿ ಸೊರಗಿತು. ಕಾರಣ ಸರಳ. ಈ ಅಡುಗೆಗೆ ಬೇಕಾದ ಕಚ್ಚಾ ಸಾಮಾನನ್ನೇ ಗಿಡ ತನ್ನ ಬೆಳವಣಿಗೆಗೂ ಬಳಸುತ್ತದೆ. ಜೀವಕೋಶದ ನಡುಮನೆಯಲ್ಲಿ ಒಲೆ ಹೂಡಿ, ಮನೆಯವರ ಅಕ್ಕಿಯನ್ನೇ ಬೇಯಿಸಿದ ಹಾಗಾಯಿತು. ಎರಡು ವರ್ಷದ ಮೇಲೆ ಅದೇ ಒಲೆಯನ್ನು ಎಲೆಯ ಹಸಿರು ಕೋಣೆಗೆ, ಅಂದರೆ ಕ್ಲೋರೊಪ್ಲಾಸ್ಟ್‌ಗೆ ಸಾಗಿಸಿದರು. ಅಲ್ಲಿ ಆ ಕಚ್ಚಾ ಸಾಮಾನು ಜಾಸ್ತಿ ಇರುತ್ತದೆ. ಒಣ ತೂಕದ 14 ಪರ್ಸೆಂಟ್ ತನಕ ಪ್ಲಾಸ್ಟಿಕ್ ಬಂತು, ಗಿಡವೂ ಮೊದಲಿನಷ್ಟು ಸೊರಗಲಿಲ್ಲ. ಅಡುಗೆ ಅದೇ, ಕೋಣೆ ಮಾತ್ರ ಬೇರೆ. ಈ ಒಂದು ಪಾಠದ ಮೇಲೇ ಆಮೇಲಿನ ಅರ್ಧ ಸಂಶೋಧನೆ ನಿಂತಿದೆ.

ಲ್ಯಾಬಿನ ಕುಂಡದಲ್ಲಿ ಬೆಳೆಯುವ ಗಿಡ ಬೇರೆ, ಹೊಲದ ಬೆಳೆ ಬೇರೆ. ಮೆಟಬಾಲಿಕ್ಸ್ ಅನ್ನುವ ಅಮೆರಿಕದ ಕಂಪನಿ ಸ್ವಿಚ್‌ಗ್ರಾಸ್ ಹುಲ್ಲಿನಲ್ಲಿ ಇದೇ ಪ್ಲಾಸ್ಟಿಕ್ ತೆಗೆಯಲು ವರ್ಷಗಟ್ಟಲೆ ಒದ್ದಾಡಿತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಕಬ್ಬಿನಲ್ಲೂ ಪ್ರಯತ್ನ ಆಯಿತು. ಎರಡರಲ್ಲೂ ಪ್ಲಾಸ್ಟಿಕ್ ಬಂತು, ಆದರೆ ಫ್ಯಾಕ್ಟರಿ ನಡೆಸುವಷ್ಟು ಬರಲಿಲ್ಲ. ಮೆಟಬಾಲಿಕ್ಸ್ 2016ರಲ್ಲಿ ತನ್ನ ಪ್ಲಾಸ್ಟಿಕ್ ತಂತ್ರಜ್ಞಾನವನ್ನು ಕೊರಿಯಾದ ಕಂಪನಿಯೊಂದಕ್ಕೆ ಮಾರಿಬಿಟ್ಟಿತು.

ಕ್ವೀನ್ಸ್‌ಲ್ಯಾಂಡ್‌ನವರ ಇನ್ನೊಂದು ಪ್ರಯೋಗ ನನಗೆ ಹೆಚ್ಚು ಇಷ್ಟ. 2005ರಲ್ಲಿ ಅವರು ಕಬ್ಬಿನ ಕೈಲಿ ಒಂದು ಆಮ್ಲ ಮಾಡಿಸಿದರು. ಗಟ್ಟಿ ಪ್ಲಾಸ್ಟಿಕ್‌ಗಳಿಗೂ ಕ್ರೀಮ್ ಕೆಡದಂತೆ ಹಾಕುವ ಪ್ಯಾರಬೆನ್‌ಗೂ ಬೇಕಾಗುವ ವಸ್ತು ಅದು. ಎಲೆಯ ಒಣ ತೂಕದಲ್ಲಿ 7.3 ಪರ್ಸೆಂಟ್, ಕಾಂಡದಲ್ಲಿ 1.5 ಪರ್ಸೆಂಟ್ ಬಂತು. ಗಿಡ ಜಾಣತನದಿಂದ ಆ ಆಮ್ಲವನ್ನು ಗ್ಲೂಕೋಸ್‌ಗೆ ಕಟ್ಟಿ ಬೇರೆ ಇಟ್ಟುಕೊಂಡಿತ್ತು, ಹಾಗಾಗಿ ಅದಕ್ಕೇ ವಿಷವಾಗಲಿಲ್ಲ. ಇಲ್ಲಿ ನೆನಪಿಡಬೇಕಾದ್ದು ಎಲೆಗೂ ಕಾಂಡಕ್ಕೂ ಇರುವ ವ್ಯತ್ಯಾಸ. ಈ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈಗ ಸುದ್ದಿಯಲ್ಲಿರುವುದು ಎಣ್ಣೆಗಬ್ಬು. ಇಲಿನಾಯ್ ಮತ್ತು ಫ್ಲಾರಿಡಾ ವಿಶ್ವವಿದ್ಯಾಲಯದವರು ಸೇರಿ ಮಾಡುತ್ತಿರುವುದು. ಮಾಮೂಲಿ ಕಬ್ಬಿನ ಸೋಗೆಯಲ್ಲಿ ಎಣ್ಣೆ ಇಲ್ಲವೆನ್ನುವಷ್ಟು ಕಮ್ಮಿ. ಅವರು ಎಣ್ಣೆ ಮಾಡಲು ಶುರು ಮಾಡು ಅಂತ ಹೇಳುವ ಒಂದು ಜೀನ್, ಎಣ್ಣೆಯನ್ನು ಜೋಡಿಸುವ ಒಂದು ಜೀನ್, ಎಣ್ಣೆಹನಿ ಒಡೆಯದಂತೆ ಕಾಯುವ ಒಂದು ಜೀನ್ ಸೇರಿಸಿದರು. ಮಾಡಿದ ಎಣ್ಣೆಯನ್ನು ಕರಗಿಸುವ ಗಿಡದ್ದೇ ಜೀನ್‌ನ ಬಾಯಿ ಮುಚ್ಚಿಸಿದರು. ಹಾಲಿನಿಂದ ಎಥನಾಲ್, ಎಣ್ಣೆಯಿಂದ ಡೀಸೆಲ್ ಅಥವಾ ವಿಮಾನದ ಇಂಧನ ಅನ್ನುವುದು ಯೋಚನೆ. ತೊಂದರೆ ಹಳೆಯದೇ. ಎಣ್ಣೆ ಜಾಸ್ತಿ ಮಾಡಿದ ಗಿಡಗಳು ಹೊಲದಲ್ಲಿ ಕಮ್ಮಿ ಬೆಳೆದವು. ಎಣ್ಣೆ ಮಾಡುವುದು ಗಿಡಕ್ಕೆ ಸಕ್ಕರೆ ಮಾಡುವುದಕ್ಕಿಂತ ದುಬಾರಿ ಕೆಲಸ.

ಹಾಗಾದರೆ ಎಷ್ಟು ಬಂದರೆ ಸಾಕು? ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದ ಕೊರಿನ್ ಸ್ಕೌನ್ ತಂಡ 2020ರಲ್ಲಿ ಇದನ್ನು ತಿರುಗಿಸಿ ಲೆಕ್ಕ ಹಾಕಿತು. ಇಡೀ ಜೋಳದ ಗಿಡದ ನಾರಿನಿಂದ ಎಥನಾಲ್ ಮಾಡಿದರೆ ಅದು ಗ್ಯಾಲನ್‌ಗೆ 2.50 ಡಾಲರ್‌ಗೆ ಇಳಿಯಬೇಕು. ಅದಕ್ಕೆ ಗಿಡದಲ್ಲಿ ಎಷ್ಟು ಲ್ಯಾಟೆಕ್ಸ್, ಎಷ್ಟು ಪಿಎಚ್‌ಬಿ, ಎಷ್ಟು ಲಿಮೊನೀನ್ ಇರಬೇಕು? ಲಿಮೊನೀನ್ ಅಂದರೆ ಕಿತ್ತಳೆ ಸಿಪ್ಪೆ ಸುಲಿದಾಗ ಮೂಗಿಗೆ ಹೊಡೆಯುವ ಘಮ. ಲಿಮೊನೀನ್‌ಗೆ ಉತ್ತರ ಬಂದಿದ್ದು ಒಣ ತೂಕದ 0.6 ಪರ್ಸೆಂಟ್. ಹತ್ತು ಕ್ವಿಂಟಲ್ ಒಣ ದಂಟಿಗೆ ಆರು ಕಿಲೋ. ಅಷ್ಟನ್ನು ಮಾಡುವುದು ಗಿಡಕ್ಕೆ ಅಸಾಧ್ಯವೇನಲ್ಲ ಅನ್ನುವುದು ಅವರ ವಾದ. (ಜೋಳ ಅಂದಾಗ ಬೆಂಗಳೂರಿನವರು ಸುಟ್ಟು ಉಪ್ಪು ಖಾರ ಹಚ್ಚಿ ಕೊಡುವ ತೆನೆ ಅಂದುಕೊಳ್ಳಬೇಡಿ. ಇದು ರೊಟ್ಟಿ ಜೋಳದ ಜಾತಿ, ವಿಜಯಪುರದವರ ಜೋಳ.)

ಈ 0.6 ಓದಿದಾಗ ಖುಷಿಯಾಗುತ್ತದೆ. ಆದರೆ ಲಿಮೊನೀನ್‌ಗೆ ಎರಡು ಕೆಟ್ಟ ಗುಣ ಇವೆ. ಒಂದು, ಅದು ಹಾರಿಹೋಗುತ್ತದೆ. ದಂಟು ಕಡಿದು, ಕತ್ತರಿಸಿ, ರಾಶಿ ಹಾಕಿಟ್ಟರೆ ಒಂದಷ್ಟು ಗಾಳಿಗೆ ಹೋಗುತ್ತದೆ. ಎರಡು, ಅದು ಯೀಸ್ಟ್‌ಗೆ ಆಗಿಬರುವುದಿಲ್ಲ. ಕಿತ್ತಳೆ ಸಿಪ್ಪೆಯಿಂದ ಎಥನಾಲ್ ಮಾಡಲು ಹೊರಟವರೆಲ್ಲ ಇದೇ ಕಲ್ಲಿಗೆ ಎಡವಿದ್ದಾರೆ. ಲಿಮೊನೀನ್ ಪೂರ್ತಿ ತೆಗೆಯದೆ ಹುಳಿಯಲು ಬಿಟ್ಟರೆ ಯೀಸ್ಟ್ ಮಲಗಿಬಿಡುತ್ತದೆ. ಲಾಭಕ್ಕೆ ಅಂತ ತಂದ ಸರಕೇ ಮೂಲ ಸರಕಿನ ಕತ್ತು ಹಿಸುಕುತ್ತದೆ. ಪಿಎಚ್‌ಬಿ ಹಾರಿಹೋಗುವುದಿಲ್ಲ, ಆದರೆ ಅದನ್ನು ನಾರಿನಿಂದ ಬಿಡಿಸಲು ದ್ರಾವಕ ಬೇಕು, ಆ ದ್ರಾವಕ ಮತ್ತೆ ಹಿಡಿಯಲು ಖರ್ಚು ಬೇಕು. ಗಿಡದ ಒಳಗೆ ಮಾಡಿಸುವುದು ಅರ್ಧ ದಾರಿ ಮಾತ್ರ. ಹೊರಗೆ ತೆಗೆಯುವುದು ಇನ್ನರ್ಧ.

ಇದಕ್ಕಿಂತ ದೊಡ್ಡ ತೊಡಕು ಮಾರುಕಟ್ಟೆಯದು. ಸುಮ್ನೆ ಒಂದು ಲೆಕ್ಕ ಹಾಕೋಣ. ದಿನಕ್ಕೆ 5,000 ಟನ್ ಅರೆಯುವ ಒಂದು ಕಾರ್ಖಾನೆ. ಕಬ್ಬಿನಲ್ಲಿ ಎಪ್ಪತ್ತು ಪಾಲು ನೀರು, ಒಣ ತೂಕ 1,500 ಟನ್. ಅದರಲ್ಲಿ 0.6 ಪರ್ಸೆಂಟ್ ಅಂದರೆ ದಿನಕ್ಕೆ 9 ಟನ್ ಲಿಮೊನೀನ್. 150 ದಿನದ ಹಂಗಾಮಿಗೆ 1,350 ಟನ್. ಕರ್ನಾಟಕದಲ್ಲಿ ಸಕ್ಕರೆ ಕಾರ್ಖಾನೆಗಳು 80ರ ಆಸುಪಾಸು ಇವೆ. ಎಲ್ಲರೂ ಹೀಗೇ ಮಾಡಿದರೆ ವರ್ಷಕ್ಕೆ ಒಂದು ಲಕ್ಷ ಟನ್ ದಾಟುತ್ತದೆ. ಇಡೀ ಜಗತ್ತಿನ ಕಿತ್ತಳೆ, ನಿಂಬೆ ಸಿಪ್ಪೆಯಿಂದ ಬರುವ ಲಿಮೊನೀನ್ ಹತ್ತಾರು ಸಾವಿರ ಟನ್ ಲೆಕ್ಕದಲ್ಲಿದೆ. ನಮ್ಮ ಒಂದು ರಾಜ್ಯವೇ ಜಗತ್ತನ್ನು ಘಮಘಮ ಮಾಡಿಬಿಡುತ್ತದೆ, ಆಮೇಲೆ ಅದನ್ನು ಕೇಳುವವರು ಇರುವುದಿಲ್ಲ. ಇದು ಊಹೆಯ ಮಾತಲ್ಲ, ಗ್ಲಿಸರಿನ್‌ಗೆ ಆಗಿದ್ದು ಇದೇ. 100 ಕಿಲೋ ಬಯೋಡೀಸೆಲ್ ಮಾಡಿದರೆ ಸುಮಾರು 10 ಕಿಲೋ ಗ್ಲಿಸರಿನ್ ಜೊತೆಗೆ ಬರುತ್ತದೆ. 2000ದ ದಶಕದಲ್ಲಿ ಯುರೋಪ್, ಅಮೆರಿಕದಲ್ಲಿ ಬಯೋಡೀಸೆಲ್ ಘಟಕಗಳು ಎದ್ದಾಗ ಗ್ಲಿಸರಿನ್ ಬೆಲೆ ನೆಲಕಚ್ಚಿತು. ಅದನ್ನು ಲಾಭದ ಕಾಲಮ್ಮಿನಲ್ಲಿ ಬರೆದಿದ್ದವರು ವಿಲೇವಾರಿ ಖರ್ಚಿನ ಕಾಲಮ್ಮಿಗೆ ಬದಲಾಯಿಸಬೇಕಾಯಿತು. ಇಂಧನದ ಸಂತೆ ಸಮುದ್ರದಷ್ಟು, ದುಬಾರಿ ಸರಕಿನ ಸಂತೆ ಬಾವಿಯಷ್ಟು. ಸಮುದ್ರವನ್ನು ಬಾವಿಗೆ ಕಟ್ಟಿದರೆ ಹೀಗಾಗುತ್ತದೆ. ಒಂದೆರಡು ಕಾರ್ಖಾನೆಗೆ ಇದು ಒಳ್ಳೆಯ ವ್ಯಾಪಾರ, ಎಂಬತ್ತಕ್ಕೆ ಅಲ್ಲ.

ಹಾಗಂತ ಎಥನಾಲ್‌ಗಾಗಿ ಜೀನ್ ಬದಲಿಸಿದ ಬೆಳೆ ಯಾವುದೂ ಹೊಲಕ್ಕೆ ಬಂದೇ ಇಲ್ಲ ಅಂತಲ್ಲ. ಸಿಂಜೆಂಟಾ ಕಂಪನಿಯ ಎನೊಜೆನ್ ಮೆಕ್ಕೆಜೋಳಕ್ಕೆ 2011ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಪಿಷ್ಟವನ್ನು ಒಡೆಯುವ ಕಿಣ್ವವನ್ನು ಎಥನಾಲ್ ಘಟಕಗಳು ಹೊರಗಿನಿಂದ ಕೊಂಡು ಹಾಕುತ್ತವೆ. ಎನೊಜೆನ್‌ನಲ್ಲಿ ಕಾಳೇ ಅದನ್ನು ತುಂಬಿಕೊಂಡು ಬರುತ್ತದೆ, ಬಿಸಿ ಮಾಡಿದಾಗ ಕೆಲಸ ಶುರು ಮಾಡುತ್ತದೆ. ಗೆದ್ದಿದ್ದು ಯಾಕೆ ಅಂದರೆ ಅದಕ್ಕೆ ಹೊಸ ಮಾರುಕಟ್ಟೆ ಬೇಕಿರಲಿಲ್ಲ, ಹೊರಗೆ ತೆಗೆಯುವ ಖರ್ಚೂ ಇರಲಿಲ್ಲ. ಆದರೆ ಹಿಟ್ಟಿನ ಗಿರಣಿಯವರು ಕೂಗೆಬ್ಬಿಸಿದರು. ಹತ್ತು ಸಾವಿರ ಕಾಳಿನಲ್ಲಿ ಒಂದು ಬೆರೆತರೂ ತಿಂಡಿಯ ಹದ ಕೆಡಬಹುದು ಅನ್ನುವುದು ಅವರ ದೂರು.

ಬೆರೆಯುವ ಭಯ ಸುಳ್ಳಲ್ಲ. ದನಕ್ಕೆ ಮಾತ್ರ ಅಂತ ಒಪ್ಪಿಗೆ ಪಡೆದ ಸ್ಟಾರ್‌ಲಿಂಕ್ ಮೆಕ್ಕೆಜೋಳ 2000ದಲ್ಲಿ ಅಂಗಡಿಯ ಟ್ಯಾಕೊ ಚಿಪ್ಪಿನಲ್ಲಿ ಸಿಕ್ಕಿತು. 2001ರಲ್ಲಿ ಪ್ರೊಡಿಜೀನ್ ಕಂಪನಿ ಬೆಳೆಸಿದ, ಹಂದಿಗಳ ಲಸಿಕೆ ಮಾಡುವ ಮೆಕ್ಕೆಜೋಳ ಮುಂದಿನ ವರ್ಷದ ಸೋಯಾ ಹೊಲದಲ್ಲಿ ತಾನೇ ಮೊಳೆತು ನೆಬ್ರಾಸ್ಕಾದ ಗೋದಾಮು ಸೇರಿತು. ಕಂಪನಿ ದಂಡ ಕಟ್ಟಿದ್ದಲ್ಲದೆ, ಸೋಯಾ ಕೊಂಡು ನಾಶ ಮಾಡಲು ಕೋಟಿಗಟ್ಟಲೆ ತೆರಬೇಕಾಯಿತು. ಕಬ್ಬು ಇದರಲ್ಲಿ ಸ್ವಲ್ಪ ಸಾಧು. ತುಂಡು ನೆಟ್ಟು ಬೆಳೆಸುತ್ತೇವೆ, ಹೂ ಬಿಡುವ ಮೊದಲೇ ಹೆಚ್ಚಾಗಿ ಕಡಿಯುತ್ತೇವೆ, ಪರಾಗ ಹಾರುವ ಭಯ ಕಮ್ಮಿ. ಆದರೆ ಅಮೆರಿಕದವರ ಲೆಕ್ಕದಲ್ಲಿ ಇಲ್ಲದ ಒಂದು ಸಂಗತಿ ನಮ್ಮಲ್ಲಿದೆ. ಕಬ್ಬಿನ ಸೋಗೆ ನಮ್ಮ ಹಸುವಿನ ಊಟ. ಎಲೆಯಲ್ಲಿ ಕೂಡಿಟ್ಟ ಆಮ್ಲವೋ ಪ್ಲಾಸ್ಟಿಕ್ಕೋ ಹಸುವಿನ ಹೊಟ್ಟೆ ಸೇರಿ ಸಂಜೆ ಡೇರಿಗೆ ಹೋಗುವ ಹಾಲಿಗೂ ಬರುತ್ತದಾ ಅಂತ ಮೊದಲು ನೋಡಬೇಕಾದವರು ನಾವೇ.

ನಮ್ಮ ಕಾನೂನು ಇದಕ್ಕೆಲ್ಲ ಇನ್ನೂ ಬಾಗಿಲು ತೆಗೆದಿಲ್ಲ. 2002ರಲ್ಲಿ ಬಂದ ಬಿಟಿ ಹತ್ತಿ ಬಿಟ್ಟರೆ ಬೇರೆ ಕುಲಾಂತರಿ ಬೆಳೆ ರೈತರ ಹೊಲಕ್ಕೆ ವ್ಯಾಪಾರಕ್ಕಾಗಿ ಬಂದಿಲ್ಲ. ಬಿಟಿ ಬದನೆಯ ಕೊನೆಯ ಸಾರ್ವಜನಿಕ ಅಹವಾಲು ನಡೆದಿದ್ದು ಬೆಂಗಳೂರಿನಲ್ಲಿ, 2010ರ ಫೆಬ್ರವರಿ 6ರಂದು. ಇ20ಕ್ಕೂ ಅದೇ ತಾರೀಖು ಸಿಕ್ಕಿದ್ದು ಕಾಕತಾಳೀಯ. ಮೂರು ದಿನದಲ್ಲಿ ಬದನೆಗೆ ತಡೆ ಬಿತ್ತು. ಕುಲಾಂತರಿ ಸಾಸಿವೆಯ ಬಗ್ಗೆ 2024ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಜೀನ್ ಎಡಿಟಿಂಗ್‌ಗೆ, ಅಂದರೆ ಗಿಡದ್ದೇ ಜೀನ್ ತಿದ್ದುವುದಕ್ಕೆ ಮಾತ್ರ 2022ರಿಂದ ಸ್ವಲ್ಪ ಸಡಿಲ ಸಿಕ್ಕಿದೆ, 2025ರಲ್ಲಿ ಅಂಥ ಎರಡು ಭತ್ತದ ತಳಿಗಳನ್ನು ಸರ್ಕಾರವೇ ಪ್ರಕಟಿಸಿತು. ಆದರೆ ಆ ಸಡಿಲ ಹೊರಗಿನ ಜೀನ್ ಇಲ್ಲದಿದ್ದರೆ ಮಾತ್ರ. ಗಿಡದ ನಾರನ್ನು ಸ್ವಲ್ಪ ಸಡಿಲ ಮಾಡಲು, ನಾರನ್ನು ಬಿಗಿ ಹಿಡಿಯುವ ಲಿಗ್ನಿನ್ ಕಮ್ಮಿ ಮಾಡಲು ಎಡಿಟಿಂಗ್ ಸಾಕು. ಕಬ್ಬಿಗೆ ಪ್ಲಾಸ್ಟಿಕ್ಕೋ ಕಿತ್ತಳೆ ಘಮವೋ ಬೇಕು ಅಂದರೆ ಹೊರಗಿನ ಜೀನ್ ಬೇಕೇ ಬೇಕು, ಅದು ಹಳೆಯ ಕಟ್ಟುನಿಟ್ಟಿನ ಸಾಲಿಗೇ ಬಂದು ನಿಲ್ಲುತ್ತದೆ.

ಹಾಗಾಗಿ ಸದ್ಯಕ್ಕೆ ನಮ್ಮಲ್ಲಿ ನಡೆಯುವುದು ಜೀನ್ ಮುಟ್ಟದ ದಾರಿ. ಅಸ್ಸಾಮಿನ ನುಮಲಿಗಢದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾದ ಬಿದಿರಿನ ಎಥನಾಲ್ ಘಟಕವನ್ನೇ ನೋಡಿ. ವರ್ಷಕ್ಕೆ 5 ಲಕ್ಷ ಟನ್ ಹಸಿ ಬಿದಿರು ಅರೆದು 49,000 ಟನ್ ಎಥನಾಲ್ ಮಾಡುವ ಯೋಜನೆ. ಜೊತೆಗೆ 19,000 ಟನ್ ಫರ್ಫ್ಯೂರಲ್ ಅನ್ನುವ ರಾಸಾಯನಿಕ, 11,000 ಟನ್ ಅಸಿಟಿಕ್ ಆಮ್ಲ. ಬಿದಿರಿಗೆ ಯಾರೂ ಏನೂ ಕಲಿಸಿಲ್ಲ. ಅದರ ನಾರಿನಲ್ಲಿ ಮೊದಲೇ ಇದ್ದದ್ದನ್ನು ಬಿಸಾಡದೆ ಹಿಡಿದಿದ್ದಾರೆ, ಅಷ್ಟೇ. ನನ್ನ ಅಭಿಪ್ರಾಯ ಕೇಳಿದರೆ, ಇನ್ನು ಹತ್ತು ಹದಿನೈದು ವರ್ಷ ನಮಗೆ ಇದೇ ದಾರಿ.

ಜೀನಿನ ದಾರಿಯೋ ನಾರಿನ ದಾರಿಯೋ, ಕರ್ನಾಟಕದಲ್ಲಿ ಎರಡೂ ಬಂದು ನಿಲ್ಲುವುದು ಒಂದೇ ಜಾಗದಲ್ಲಿ. ಕಬ್ಬಿನ ಬಿಲ್ಲು. ಕೇಂದ್ರ ಸರ್ಕಾರದ 2025-26ರ ದರ ಟನ್ನಿಗೆ 3,550 ರೂಪಾಯಿ, ಸಕ್ಕರೆ ಇಳುವರಿ 10.25 ಪರ್ಸೆಂಟ್ ಇದ್ದರೆ. ಇಳುವರಿ 0.1 ಇಳಿದರೆ ಟನ್ನಿಗೆ ಸುಮಾರು 35 ರೂಪಾಯಿ ಇಳಿಯುತ್ತದೆ. ಅಂದರೆ ಬೆಲೆ ನಿಂತಿರುವುದು ಸಕ್ಕರೆ ಒಂದರ ಮೇಲೆ. ಈಗ ಎಣ್ಣೆಗಬ್ಬು ಬಂತು ಅಂದುಕೊಳ್ಳಿ. ಸಕ್ಕರೆ ಆಗಬೇಕಿದ್ದ ಇಂಗಾಲದಲ್ಲಿ ಒಂದು ಪಾಲು ಎಣ್ಣೆಯಾಗುತ್ತದೆ. ಕಾರ್ಖಾನೆಗೆ ಎಣ್ಣೆ ಲಾಭ. ಲ್ಯಾಬಿನ ಚೀಟಿಯಲ್ಲಿ ಸಕ್ಕರೆ ಇಳುವರಿ ಕಮ್ಮಿ. ಇವತ್ತಿನ ಸೂತ್ರವನ್ನು ಹಾಗೇ ಬಿಟ್ಟರೆ, ಜಾಸ್ತಿ ಬೆಲೆಯ ಬೆಳೆ ಬೆಳೆದ ರೈತನಿಗೆ ಕಮ್ಮಿ ದುಡ್ಡು ಬರುತ್ತದೆ!

ಇದನ್ನು ಯಾರೂ ಯೋಚಿಸಿಲ್ಲ ಅಂತಲ್ಲ. 2012ರಲ್ಲಿ ರಂಗರಾಜನ್ ಸಮಿತಿ ಸಕ್ಕರೆ ಮತ್ತು ಉಪ ಉತ್ಪನ್ನಗಳ ಮೌಲ್ಯದ 70 ಪರ್ಸೆಂಟ್, ಇಲ್ಲವೇ ಬರೀ ಸಕ್ಕರೆಯ ಮೌಲ್ಯದ 75 ಪರ್ಸೆಂಟ್ ರೈತನಿಗೆ ಸೇರಬೇಕು ಅಂದಿತು. ಕರ್ನಾಟಕ 2013ರಲ್ಲಿ ಕಾಯ್ದೆಯನ್ನೇ ತಂದು ಕಬ್ಬು ನಿಯಂತ್ರಣ ಮಂಡಳಿ ಮಾಡಿತು. ಆದರೂ 2025ರ ನವೆಂಬರ್‌ನಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಾಪುರ ಕ್ರಾಸ್‌ನಲ್ಲಿ ರೈತರು ರಸ್ತೆಗಿಳಿದು, ಕಟಾವು ಸಾಗಣೆ ಖರ್ಚು ಕಳೆದು ಕೈಗೆ 3,500 ಬರಲಿ ಅಂತ ಕೇಳಬೇಕಾಯಿತು. ಬೆಂಗಳೂರಿನಲ್ಲಿ ಸಭೆಯ ಮೇಲೆ ಸಭೆ ನಡೆದು 3,300ಕ್ಕೆ ಬಂದು ನಿಂತಿತು. ಎಥನಾಲ್, ಕರೆಂಟು, ಕಾಕಂಬಿ ಎಲ್ಲ ಕಣ್ಣೆದುರೇ ಮಾರಾಟ ಆಗುತ್ತಿರುವಾಗಲೇ ಹಂಚಿಕೆಯ ಗತಿ ಇದು. ಎಲೆಯೊಳಗೆ ಕಣ್ಣಿಗೆ ಕಾಣದ ಎಣ್ಣೆಯ ಪಾಲನ್ನು ಯಾರು ಅಳೆಯುತ್ತಾರೆ, ಯಾವ ಯಂತ್ರದಲ್ಲಿ? ಹೊಸ ತಳಿಯ ಒಪ್ಪಿಗೆ ಪತ್ರದ ಜೊತೆಗೇ ಹೊಸ ಬೆಲೆಸೂತ್ರವೂ ಬರಬೇಕು ಅನ್ನುವುದು ನನ್ನ ವಾದ. ಜೀನ್ ಮೊದಲು, ಬೆಲೆ ಆಮೇಲೆ ಅಂದರೆ ಆ ಆಮೇಲೆ ಬರುವುದೇ ಇಲ್ಲ.

ಕಳೆದ ತಿಂಗಳು ಊರಿಗೆ ಹೋದಾಗ ಮಾವನಿಗೆ ಈ ಎಣ್ಣೆಗಬ್ಬಿನ ಕಥೆ ಹೇಳಿದೆ. ಆಲೆಮನೆ ನಿಂತು ಬಹಳ ವರ್ಷ ಆಯಿತು, ಈಗ ಕಬ್ಬೆಲ್ಲ ಕಾರ್ಖಾನೆಗೇ ಹೋಗುತ್ತದೆ. ಮಾವ ಕೂಳೆ ಕಬ್ಬಿನ ಬದುವಿನ ಮೇಲೆ ಕೂತು, ಉದುರಿದ ತರಗನ್ನು ಕಾಲಲ್ಲಿ ಸರಿಸುತ್ತಾ ಕೇಳಿಸಿಕೊಂಡರು. ಬೆಳಗಾವಿ ಕಡೆಯವರು ರವದಿ ಅನ್ನುವುದು ಇದನ್ನೇ. ಎಣ್ಣೆ ಜಾಸ್ತಿ ಇರುವುದು ಕಾಂಡದಲ್ಲಲ್ಲ, ಸೋಗೆಯಲ್ಲಿ ಅಂದಾಗ ತಲೆ ಎತ್ತಿದರು.

‘ಸೋಗೆನಾ? ಲೋಡ್‌ನಲ್ಲಿ ನಾಕು ಸೋಗೆ ಸೇರ್ಕೊಂಡಿದ್ರೆ ಕಸ ಅಂತ ತೂಕದಲ್ಲಿ ಕಡೀತಾರಲ್ಲಾ ಅದಾ?’

‘ಅದೇ ಮಾವ. ಮುಂದೆ ಅದಕ್ಕೂ ದುಡ್ಡು ಕೊಡಬೇಕಾಗುತ್ತೆ.’

ಮಾವ ನಕ್ಕರು. ‘ಮೊದ್ಲು ಕಡಿಯೋದ್ ನಿಲ್ಲುಸ್ಲಿ ಕಣ್ಲಾ. ಕೊಡೋ ಮಾತು ಆಮೇಕೆ.’